ಈ ಬೇಸಿಗೆಗೆ ಎಸಿ ಎಷ್ಟರಲ್ಲಿಡುವುದು? ಕರಾವಳಿಯ ಸೆಕೆಗೆ ಒಂದು ಲೆಕ್ಕ, ಬಯಲಿನ ಬಿಸಿಲಿಗೆ ಇನ್ನೊಂದು

(ಹಲವು ಊರಿನವರ ಚರ್ಚೆ ಇದು. ಪ್ರತಿ ಮಾತಿನ ಮೇಲೆ ಹೇಳಿದವರ ಊರು ಉಂಟು. ಕುಂಬಳೆ, ಉಪ್ಪಳ, ಬದಿಯಡ್ಕ ಕೇರಳದ ಕಾಸರಗೋಡು ಕಡೆಯವು.)

ಕುಂಬಳೆ
ಕೋಣೆ 12 ಅಡಿಗೆ 12 ಅಡಿ. ಮೇಲಿನ ಮಹಡಿ, ನೆತ್ತಿಗೆ ನೇರ ತಾರಸಿ. ಕೆಂಪುಕಲ್ಲಿನ ಗೋಡೆ, ಪಡುವಣಕ್ಕೆ ಒಂದು ಕಿಟಕಿ. ಎಸಿ 1.5 ಟನ್ನಿನದ್ದು, ಇನ್ವರ್ಟರ್ (ಕಂಪ್ರೆಸರ್ ವೇಗ ತಾನೇ ಹೆಚ್ಚುಕಡಿಮೆ ಮಾಡುವಂಥದ್ದು). 24ರಲ್ಲಿಟ್ಟರೆ ನಡುರಾತ್ರಿ ಚಳಿ ಹಿಡಿಯುತ್ತದೆ. 27ಕ್ಕೆ ಏರಿಸಿದರೆ ಬೆಳಗಿನ ಜಾವ ಮೈಯೆಲ್ಲ ಅಂಟಂಟು, ಹಾಸಿಗೆ ಮುಟ್ಟಿದರೆ ಒದ್ದೆಯಾದ ಹಾಗೆ. ಬಿಲ್ಲು 2 ತಿಂಗಳಿಗೆ 500 ಯೂನಿಟ್ ದಾಟಬಾರದು. 8 ತಿಂಗಳ ಮಗುವೂ ಅದೇ ಕೋಣೆಯಲ್ಲಿ ಮಲಗುವುದು. ಎಷ್ಟರಲ್ಲಿಟ್ಟರೆ ಸರಿ? ಗೊತ್ತಿರುವವರು ಕಾರಣ ಸಮೇತ ಹೇಳಿ.

ಹೊಸೂರು
24ರಲ್ಲೇ ಇಡಿ. ಸರ್ಕಾರವೇ ಅದನ್ನು ನಿಗದಿ ಮಾಡಿದೆ. ಹೊಸ ಎಸಿಗಳೆಲ್ಲ ಆನ್ ಮಾಡಿದ ಕೂಡಲೇ 24ರಲ್ಲೇ ಶುರುವಾಗುತ್ತವೆ.

ಉಪ್ಪಳ, ಎಸಿ ಕೆಲಸ
ಹೊಸೂರಿನವರೇ, 24 ನಿಗದಿ ಅಲ್ಲ, ಆರಂಭದ ಅಂಕಿ ಅಷ್ಟೆ. 2020ರ ಜನವರಿ 1ರಿಂದ ಸ್ಟಾರ್ ಲೇಬಲ್ ಇರುವ ರೂಮ್ ಎಸಿಗಳು ಕಾರ್ಖಾನೆಯಿಂದ 24ಕ್ಕೆ ಸೆಟ್ ಆಗಿ ಬರಬೇಕು ಎಂದು ನಿಯಮ ಬಂತು. ಜನ ಸುಮ್ಮನೆ 18, 20ರಲ್ಲಿ ಓಡಿಸುತ್ತಿದ್ದರು, ಅದನ್ನು ತಪ್ಪಿಸಲಿಕ್ಕೆ. ನಮಗೆ ಬೇಕಾದಲ್ಲಿಗೆ ಬದಲಿಸಬಹುದು. 2025ರ ಜೂನಿನಲ್ಲಿ ಕೇಂದ್ರದ ಇಂಧನ ಸಚಿವರು 20ರಿಂದ 28ರ ಒಳಗೆ ಮಾತ್ರ ಓಡುವ ಹಾಗೆ ಮಾಡುವ ಯೋಜನೆಯನ್ನೂ ಹೇಳಿದ್ದರು. ಇನ್ನೊಂದು ಸಂಗತಿ: ಡಬ್ಬದ ಮೇಲೆ ಬರೆದ ಟನ್ ಲೆಕ್ಕವನ್ನು, ಅಂದರೆ ತಂಪು ಮಾಡುವ ತಾಕತ್ತನ್ನು, ಅಳೆಯುವುದೇ ಕೋಣೆಯೊಳಗೆ 27, ಹೊರಗೆ 35 ಡಿಗ್ರಿ ಇಟ್ಟು. 18ರಲ್ಲಿ ಅಲ್ಲ.

ಈಗ ಕುಂಬಳೆಯವರ ಪ್ರಶ್ನೆ. ರಿಮೋಟಿನ ಅಂಕಿ ಒಂದನ್ನೇ ನೋಡಿದರೆ ಇದು ಬಗೆಹರಿಯುವುದಿಲ್ಲ. ನಮ್ಮ ಕಡೆ ಎಸಿಗೆ ಎರಡು ಕೆಲಸ ಉಂಟು: ಶಾಖ ಇಳಿಸುವುದು, ಗಾಳಿಯ ನೀರು ಹಿಂಡುವುದು. ಏಪ್ರಿಲ್‌ನಲ್ಲಿ ಹೊರಗೆ 33 ಡಿಗ್ರಿ, ತೇವಾಂಶ 70% ಇದ್ದರೆ ಆ ಗಾಳಿ 27 ಡಿಗ್ರಿಗೆ ಇಳಿಯುವಾಗಲೇ ನೀರು ಬಿಡಲಿಕ್ಕೆ ಶುರು ಮಾಡುತ್ತದೆ. ಒಂದು ಲೀಟರ್ ನೀರು ಹಿಂಡಲಿಕ್ಕೆ ಹತ್ತಿರ ಹತ್ತಿರ 0.7 ಯೂನಿಟ್ ಆಗುವಷ್ಟು ತಂಪು ಖರ್ಚು (ಮೀಟರಿನಲ್ಲಿ ಓಡುವ ಕರೆಂಟು ಅದಕ್ಕಿಂತ ಕಡಿಮೆ). 1.5 ಟನ್ನಿನ ಎಸಿ ಕರಾವಳಿಯಲ್ಲಿ ಗಂಟೆಗೆ 1ರಿಂದ 2 ಲೀಟರ್ ನೀರು ಹೊರಗೆ ಬಿಡುತ್ತದೆ. ಅದರ ಶಕ್ತಿಯಲ್ಲಿ ಒಂದು ಪಾಲು ಹೋಗುವುದು ಅಲ್ಲಿಗೆ.

ನೀರು ಹಿಂಡಬೇಕಾದರೆ ಒಳಗಿನ ಕಾಯಿಲ್ (ಗಾಳಿ ತಣಿಸುವ ಕೊಳವೆಗಳ ಸುರುಳಿ) ತಣ್ಣಗಿರಬೇಕು, 8ರಿಂದ 12 ಡಿಗ್ರಿ ಸುಮಾರಿಗೆ. 27ರಲ್ಲಿಟ್ಟಾಗ ಆಗುವುದೇನು? ರಾತ್ರಿ 2 ಗಂಟೆ ಹೊತ್ತಿಗೆ ತಾರಸಿ ತಣಿದಿರುತ್ತದೆ, ಕೋಣೆ 27ಕ್ಕೆ ಮುಟ್ಟಿರುತ್ತದೆ. ಇನ್ವರ್ಟರ್ ಕಂಪ್ರೆಸರ್ ನಿಧಾನ ಮಾಡುತ್ತದೆ. ಕಾಯಿಲ್ 18, 20ಕ್ಕೆ ಏರುತ್ತದೆ. ಒಳಗಿನ ಬ್ಲೋವರ್ ಮಾತ್ರ ಜೋರಾಗಿಯೇ ತಿರುಗುತ್ತಾ ಕಾಯಿಲ್ ಮೇಲೆ ನಿಂತ ನೀರನ್ನು ಪುನಃ ಕೋಣೆಗೇ ಬೀಸುತ್ತದೆ. ರಿಮೋಟ್ 27 ಅಂತಲೇ ತೋರಿಸುತ್ತಿರುತ್ತದೆ, ತೇವಾಂಶ 75% ಆಗಿರುತ್ತದೆ. ಅಂಟು ಬರುವುದು ಅದಕ್ಕೆ.

ಮಾಡಬೇಕಾದ್ದು ಹೀಗೆ. ಸಂಜೆ ಕಿಟಕಿ ತೆರೆದು ಸೀಲಿಂಗ್ ಫ್ಯಾನ್ ಜೋರಾಗಿ 10-15 ನಿಮಿಷ ಹಾಕಿ, ಮುಚ್ಚಿದ ಕೋಣೆಯ ಬಿಸಿ ಹೊರಗೆ ಹೋಗಲಿ. ಆಮೇಲೆ ಎಲ್ಲ ಮುಚ್ಚಿ ಎಸಿ 24, ಬ್ಲೋವರ್ ಹೈ, 30-40 ನಿಮಿಷ. ಮಲಗುವಾಗ 26, ಬ್ಲೋವರ್ ಲೋ, ಸೀಲಿಂಗ್ ಫ್ಯಾನ್ 2ರಲ್ಲಿ. ಬ್ಲೋವರ್ ಲೋ ಇಡುವುದನ್ನು ಮರೆಯಬೇಡಿ, ಕಾಯಿಲ್ ತಣ್ಣಗೆ ಉಳಿದು ನೀರು ಹಿಂಡುವುದು ಅದರಿಂದಲೇ. ಸ್ಲೀಪ್ ಮೋಡ್ ಹಾಕಿದ್ದರೆ ತೆಗೆಯಿರಿ. ಹೆಚ್ಚಿನ ಕಂಪನಿಗಳದ್ದು ಮೊದಲ ಒಂದೆರಡು ಗಂಟೆಯಲ್ಲಿ 1ರಿಂದ 2 ಡಿಗ್ರಿ ತಾನಾಗಿಯೇ ಏರಿಸುತ್ತದೆ. 26 ಅಂತ ಇಟ್ಟದ್ದು 28 ಆಗಿ ಕೂತಿರುತ್ತದೆ.

ಬದಿಯಡ್ಕ, ವಯರಿಂಗ್
ಉಪ್ಪಳದವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಉಷ್ಣತೆ, ತೇವಾಂಶ ಎರಡೂ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ಎಸಿಯ ಗಾಳಿ ನೇರ ಬಡಿಯದ ಕಡೆ, ಮಂಚದ ಎತ್ತರದಲ್ಲಿಡಿ. ಎಸಿಯ ಸೆನ್ಸರ್ ಇರುವುದು ಮೇಲೆ, 7-8 ಅಡಿ ಎತ್ತರದಲ್ಲಿ. ಬಿಸಿಗಾಳಿ ಮೇಲೆ ನಿಲ್ಲುವುದರಿಂದ ಅದರ ಲೆಕ್ಕವೇ ಬೇರೆ, ಮಲಗುವಲ್ಲಿನ ಲೆಕ್ಕವೇ ಬೇರೆ. 1-2 ಡಿಗ್ರಿ ವ್ಯತ್ಯಾಸ ಮಾಮೂಲು. ಮಂಚದ ಹತ್ತಿರ 26 ಡಿಗ್ರಿ, ತೇವಾಂಶ 50ರಿಂದ 60% ಇದ್ದರೆ ಸಾಕು. ತೇವಾಂಶ 65 ದಾಟಿತು ಅಂದರೆ ಡಿಗ್ರಿ ಇಳಿಸುವ ಮೊದಲು ಬ್ಲೋವರ್ ಇಳಿಸಿ ನೋಡಿ.

ತೇವಾಂಶ ಎಷ್ಟು ಮಾಡಿದರೂ ಇಳಿಯದಿದ್ದರೆ ಗಾಳಿ ಒಳಗೆ ಬರುತ್ತಿದೆ ಅಂತ ಅರ್ಥ. ನಮ್ಮ ಊರಿನ ಹಳೆಯ ಮನೆಗಳಲ್ಲಿ ಕಿಟಕಿಯ ಮೇಲೆ ಗಾಳಿಕಿಂಡಿ ಇರುತ್ತದೆ. ಬಲೆ ಹೊಡೆದದ್ದು ಸಾಲದು. ಅಕ್ರಿಲಿಕ್ ಶೀಟ್ ಅಥವಾ ಪ್ಲೈವುಡ್ ತುಂಡು ಕೂರಿಸಿ ಅಂಚಿಗೆ ಸಿಲಿಕೋನ್ ಹಾಕಬೇಕು. ಬಾಗಿಲಿನ ಅಡಿಗೆ ರಬ್ಬರ್ ಅಥವಾ ಬ್ರಷ್ ಪಟ್ಟಿ. ಬಾತ್‌ರೂಮ್ ಬಾಗಿಲು ಯಾವಾಗಲೂ ಮುಚ್ಚಿರಲಿ. ಮಗುವಿನ ಬಟ್ಟೆಯನ್ನು ಆ ಕೋಣೆಯಲ್ಲಿ ಒಣಗಿಸಬೇಡಿ, ಆ ನೀರನ್ನೂ ಹಿಂಡುವುದು ಎಸಿಯೇ. ಹಂಚಿನ ಮಾಡು, ಅದರ ಕೆಳಗೆ ಮುಚ್ಚಿಗೆ ಇಲ್ಲದ ಕೋಣೆಯಾದರೆ ಎಸಿ ಹಾಕುವುದೇ ದಂಡ. ಮೊದಲು ಸೀಲಿಂಗ್ ಮಾಡಿಸಬೇಕು.

ಅಕ್ಕಲಕೋಟಿ
ನಮ್ಮ ಕಡೆ ಲೆಕ್ಕ ಪೂರಾ ತಿರಗಾಮುರಗಾ ಅದ. ಸೊಲ್ಲಾಪುರ, ಅಕ್ಕಲಕೋಟಿ ಕಡೆ ಏಪ್ರಿಲ್-ಮೇದಾಗ ಮಧ್ಯಾಹ್ನ 42-43 ಆಗತದ, ಆದ್ರ ಹವಾದಾಗ ತೇವ ಇರೂದಿಲ್ಲ. 40 ಡಿಗ್ರಿ, ತೇವಾಂಶ 20% ಇದ್ದಾಗ ಗಾಳಿ ನೀರು ಬಿಡಬೇಕಂದ್ರ 13 ಡಿಗ್ರಿ ತನಕ ಇಳೀಬೇಕು. ಕಾಯಿಲ್ ಅಷ್ಟು ತಣ್ಣಗ ಇದ್ರೂ ಹನಿ ನೀರು ಬರೂದು ಕಷ್ಟ. ಡ್ರೇನ್ ಪೈಪಿನಾಗ ನೀರು ಬರವಲ್ದು, ಗ್ಯಾಸ್ ಹೋಗೇದ ಅಂತ ಮಂದಿ ಮೆಕ್ಯಾನಿಕ್‌ಗೆ ಫೋನ್ ಮಾಡ್ತಾರ. ಬ್ಯಾಸಗ್ಯಾಗ ಇಲ್ಲೆ ಒಣಾ ಪೈಪು ದೋಷ ಅಲ್ಲ.

ಒಣಾ ಹವಾದಾಗ ಬೆವರು ಲಗೂನ ಆರತದ. ಅದಕ್ಕ 27-28 ಇಟ್ಟು ಸೀಲಿಂಗ್ ಫ್ಯಾನ್ ಹಾಕಿದ್ರ ಸಾಕು. ಅದಕ್ಕಿಂತ ಕೆಳಗ ಇಟ್ರ ಗಂಟಲ ಒಣಗತದ, ತುಟಿ ಒಡೀತಾವ. ಮತ್ತ ನಮ್ಮ ಕಡೆ ನಡುರಾತ್ರಿ ಮ್ಯಾಲ ಹೊರಗಿನ ಹವಾನ ತಂಪಾಗತದ. 3 ಗಂಟೆಕ್ಕ ಎಸಿ ಬಂದ್ ಆಗೂಹಂಗ ಟೈಮರ್ ಇಟ್ಟು ಕಿಟಕಿ ತಗೀಬಹುದು. ಕರಾವಳ್ಯಾಗ ಅದು ನಡಿಯೂದಿಲ್ಲ ಅಂತ ಕಾಣ್ತದ.

ಉಪ್ಪಳ, ಎಸಿ ಕೆಲಸ
ನಡೆಯುವುದಿಲ್ಲ. ಇಲ್ಲಿ ರಾತ್ರಿ 27 ಡಿಗ್ರಿಗೆ 85% ತೇವಾಂಶ ಉಂಟು. ಕಿಟಕಿ ತೆರೆದರೆ ರಾತ್ರಿಯಿಡೀ ಹಿಂಡಿದ ನೀರು ಹತ್ತು ನಿಮಿಷದಲ್ಲಿ ವಾಪಸ್. ಮತ್ತೆ, ನಮ್ಮಲ್ಲಿ ಡ್ರೇನ್ ಪೈಪ್ ಒಣಗಿದ್ದರೆ ಅದು ದೋಷವೇ. ಒಂದೋ ಕಾಯಿಲ್ ತಣ್ಣಗಾಗುತ್ತಿಲ್ಲ, ಇಲ್ಲದಿದ್ದರೆ ಪೈಪ್ ಕಟ್ಟಿ ನೀರು ಒಳಗಿನ ಟ್ರೇಯಲ್ಲಿ ನಿಂತಿದೆ. ಸ್ವಲ್ಪ ಹೊತ್ತಿನಲ್ಲಿ ಗೋಡೆಯ ಮೇಲೆ ಇಳಿಯುತ್ತದೆ.

ಆದವಾನಿ
ನಮ್ಮ ಕಡೆನೂ ಅಕ್ಕಲಕೋಟಿ ಥರಾನೇ ಒಣ ಬಿಸಿಲು. ಇಲ್ಲಿ ಮಧ್ಯಾಹ್ನಕ್ಕೆ ಕೂಲರ್ ಸಾಕು, ಎಸಿ ರಾತ್ರಿ ಮಲಗೋ ಕೋಣೆಗೆ ಮಾತ್ರ ಬೇಕಾಗ್ತೈತೆ. 42 ಡಿಗ್ರಿ, 20% ತೇವಾಂಶದಾಗ ಒಳ್ಳೆ ಹನಿಕೋಂಬ್ (ಜೇನುಗೂಡಿನಂಥ) ಪ್ಯಾಡಿನ ಕೂಲರ್ 27-28ರ ಗಾಳಿ ಕೊಡ್ತೈತೆ. ಅದೇ ಕೂಲರ್ ಕಾಸರಗೋಡಿಗೆ ಒಯ್ದರೆ 34ರ ಗಾಳೀನ 30ಕ್ಕೆ ಇಳಿಸಿ, ಇರೋ ಸೆಕೆಗೆ ಇನ್ನಷ್ಟು ನೀರು ಸೇರಿಸ್ತೈತೆ. ಕೂಲರ್ ಇಟ್ಟಲ್ಲಿ ಎದುರಿನ ಕಿಟಕಿ ತೆರೆದಿರಬೇಕು, ಎಸಿ ಇಟ್ಟಲ್ಲಿ ಮುಚ್ಚಿರಬೇಕು. ಒಂದೇ ಕೋಣೆಯಾಗ ಎರಡೂ ಹಾಕೋದು ತಪ್ಪು: ಕೂಲರ್ ಬಿಟ್ಟ ನೀರನ್ನ ಎಸಿ ಕರೆಂಟು ತಿಂದು ಹಿಂಡ್ತೈತೆ.

ಇನ್ನೊಂದು. ಹೊರಗೆ 43 ಇದ್ದಾಗ ಎಸಿ ತನ್ನ ಪೂರ್ತಿ ಟನ್ ಕೊಡಲ್ಲ. ತಾರಸಿ ಕೆಳಗಿನ 120 ಚದರಡಿ ಕೋಣೆಗೆ 1 ಟನ್ ಹಾಕಿದ್ರೆ ಮಧ್ಯಾಹ್ನ 3ಕ್ಕೆ 18 ಇಟ್ರೂ ಕೋಣೆ 27-28ರಾಗೇ ನಿಲ್ತೈತೆ. ಅದು ಕೆಟ್ಟಿಲ್ಲ, ಅದರ ತಾಕತ್ತೇ ಅಷ್ಟು. 18 ಇಟ್ರೆ ಕಂಪ್ರೆಸರ್ ಪುರುಸೊತ್ತಿಲ್ಲದೆ ಓಡ್ತೈತೆ, ಅಷ್ಟೆ. ಇಲ್ಲಿ ಮೇಲಂತಸ್ತಿಗೆ 1.5 ಟನ್ ಬೇಕು.

ಮುಳ್ಳೇರಿಯ
ಡ್ರೈ ಮೋಡ್ ಇದೆಯಲ್ಲ, ಹನಿ ನೀರಿನ ಚಿಹ್ನೆಯದ್ದು. ಸೆಕೆಗೆ ಅದನ್ನೇ ರಾತ್ರಿಯಿಡೀ ಹಾಕಿದರಾಗದೇ? ಹಾಗೆಯೇ, ಬೇಗ ತಂಪಾಗಲಿಕ್ಕೆ 16ರಲ್ಲಿಟ್ಟು ಶುರು ಮಾಡುವುದು ಸರಿಯಾ?

ಉಪ್ಪಳ, ಎಸಿ ಕೆಲಸ
ಡ್ರೈ ಮೋಡ್ ಮಳೆಗಾಲಕ್ಕೆ ಹೇಳಿ ಮಾಡಿಸಿದ್ದು. ಜೂನ್-ಜುಲೈಯಲ್ಲಿ ಹೊರಗೆ 26-27 ಇರುತ್ತದೆ, ತೇವ ಮಾತ್ರ ವಿಪರೀತ. ಆಗ ಅದು ಬ್ಲೋವರ್ ನಿಧಾನ ಮಾಡಿ ನೀರು ಹಿಂಡುತ್ತದೆ. ಏಪ್ರಿಲಿನಲ್ಲಿ ತಾರಸಿಯ ಕೋಣೆಗೆ ರಾತ್ರಿ 9 ಗಂಟೆಗೆ ಡ್ರೈ ಹಾಕಿದರೆ ಶಾಖ ಇಳಿಯುವುದಿಲ್ಲ. ಮೊದಲು ಕೂಲ್ ಮೋಡಿನಲ್ಲಿ ಇಳಿಸಿ, ಬೆಳಗಿನ ಜಾವಕ್ಕೆ ಡ್ರೈ ಬೇಕಾದರೆ ಸರಿ. ಕೆಲವು ಮಾಡೆಲ್‌ಗಳಲ್ಲಿ ಡ್ರೈಯಲ್ಲಿ ಡಿಗ್ರಿ ಬದಲಿಸಲಿಕ್ಕೇ ಆಗುವುದಿಲ್ಲ, ಕೋಣೆ ಬೇಕಾದ್ದಕ್ಕಿಂತ ತಣ್ಣಗಾಗಬಹುದು. ಮಗು ಇರುವಲ್ಲಿ ಅದನ್ನು ಗಮನಿಸಬೇಕು.

16ರ ವಿಷಯ: ಹಳೆಯ ಮಾಮೂಲು ಎಸಿಯಲ್ಲಿ ಕಂಪ್ರೆಸರ್ ಓಡಿದರೆ ಪೂರ್ತಿ, ನಿಂತರೆ ಪೂರ್ತಿ. 16 ಆಗಲಿ 24 ಆಗಲಿ ತಂಪಾಗುವ ವೇಗ ಒಂದೇ. ಇನ್ವರ್ಟರಿನಲ್ಲೂ ಕೋಣೆ 33 ಇದ್ದಾಗ 24ರಲ್ಲಿಟ್ಟರೂ ಅದು ಪೂರ್ತಿ ವೇಗದಲ್ಲೇ ಹೊರಡುತ್ತದೆ, ಹತ್ತಿರ ಬಂದ ಮೇಲೆ ನಿಧಾನ ಮಾಡುತ್ತದೆ. 16 ಇಟ್ಟವರು ನಿದ್ದೆಗೆ ಜಾರಿದರೆ ರಾತ್ರಿಯಿಡೀ ಅಲ್ಲಿಗೆ ಮುಟ್ಟಲಿಕ್ಕೆ ಹೋರಾಡುತ್ತದೆ. ಫಿಲ್ಟರಿನಲ್ಲಿ ಧೂಳು ಕೂತಿದ್ದರಂತೂ ಗಾಳಿ ಸಾಲದೆ ಕಾಯಿಲ್ ಸೊನ್ನೆಗಿಂತ ಕೆಳಗೆ ಹೋಗಿ ಮಂಜುಗಡ್ಡೆ ಕಟ್ಟುತ್ತದೆ. ಗಾಳಿ ಬರುವುದು ಕಡಿಮೆಯಾಗುತ್ತದೆ, ಕರಗುವಾಗ ಗೋಡೆಗೆ ನೀರು. ಆಗ ಡಿಗ್ರಿ ಇನ್ನೂ ಇಳಿಸುವವರಿದ್ದಾರೆ, ಅದು ತೀರಾ ತಪ್ಪು. ಕೂಲ್ ನಿಲ್ಲಿಸಿ ಫ್ಯಾನ್ ಮೋಡಿನಲ್ಲಿ 1-2 ಗಂಟೆ ಬಿಡಿ, ಫಿಲ್ಟರ್ ತೊಳೆದು ನೆರಳಿನಲ್ಲಿ ಒಣಗಿಸಿ ಹಾಕಿ. ಸೀಸನ್ನಿನಲ್ಲಿ 15 ದಿನಕ್ಕೊಮ್ಮೆ ಫಿಲ್ಟರ್ ತೊಳೆಯಲೇಬೇಕು. ಶುದ್ಧ ಫಿಲ್ಟರ್ ಇದ್ದೂ ಮಂಜು ಕಟ್ಟಿದರೆ ಗ್ಯಾಸ್ ಲೀಕ್ ಇರಬಹುದು. ಗ್ಯಾಸ್ ವರ್ಷ ವರ್ಷ ಖರ್ಚಾಗಿ ಮುಗಿಯುವ ವಸ್ತು ಅಲ್ಲ. ಕಡಿಮೆಯಾಗಿದೆ ಅಂದರೆ ತೂತು ಉಂಟು, ಅದನ್ನು ಹುಡುಕಿ ಬೆಸುಗೆ ಹಾಕದೆ ತುಂಬಿಸಿಕೊಳ್ಳಬೇಡಿ.

ಮನೆಯಲ್ಲೇ ಮಾಡುವ ಪರೀಕ್ಷೆ: ಎಸಿ 20 ನಿಮಿಷ ಜೋರಾಗಿ ಓಡಿದ ಮೇಲೆ ಒಳಗೆ ಎಳೆಯುವ ಗಾಳಿಗೂ ಹೊರಗೆ ಬಿಡುವ ಗಾಳಿಗೂ ಥರ್ಮಾಮೀಟರ್ ಹಿಡಿಯಿರಿ. ಕರಾವಳಿಯಲ್ಲಿ 8-10 ಡಿಗ್ರಿ ಅಂತರ ಇದ್ದರೆ ಆರೋಗ್ಯ. ಒಣ ಊರುಗಳಲ್ಲಿ 12ರ ಮೇಲೂ ಬರಬಹುದು. 6ಕ್ಕಿಂತ ಕಡಿಮೆ ಇದ್ದರೆ ಸೆಟ್ಟಿಂಗ್ ಬದಲಿಸಿ ಪ್ರಯೋಜನ ಇಲ್ಲ, ಸರ್ವಿಸ್ ಬೇಕು.

ಮಂಜೇಶ್ವರ
ಕಡಲ ಬದಿಯವರು ಔಟ್‌ಡೋರ್ ಯೂನಿಟ್ಟನ್ನು ತಿಂಗಳಿಗೊಮ್ಮೆ ಸಿಹಿನೀರಿನಲ್ಲಿ ತೊಳೆಯಬೇಕು. ಮೇನ್ ಸ್ವಿಚ್ ತೆಗೆದು, ಸಾಧಾರಣ ಪೈಪಿನಲ್ಲಿ ಮೆತ್ತಗೆ. ಪ್ರೆಷರ್ ಪಂಪ್ ಹಿಡಿದರೆ ತೆಳು ಲೋಹದ ಪಟ್ಟಿಗಳು (ಫಿನ್‌ಗಳು) ಮಡಚಿಕೊಳ್ಳುತ್ತವೆ. ಉಪ್ಪು ಕೂತರೆ ಅವು ಪುಡಿಪುಡಿಯಾಗುತ್ತವೆ, 26ಕ್ಕೆ ಇಳಿಯುತ್ತಿದ್ದ ಕೋಣೆ 28ರಲ್ಲೇ ನಿಲ್ಲುತ್ತದೆ. ಹಿಂದೆ ಒಂದು ಅಡಿ, ಮುಂದೆ ಮೂರು ಅಡಿಗೆ ಕಡಿಮೆ ಇಲ್ಲದ ಜಾಗ ಬಿಡಿ. ನೆರಳು ಒಳ್ಳೆಯದು, ಆದರೆ ಗೂಡು ಕಟ್ಟಿ ಮುಚ್ಚಬೇಡಿ.

ಬದಿಯಡ್ಕ, ವಯರಿಂಗ್
ಕುಂಬಳೆಯವರ ಬಿಲ್ಲಿಗೆ ಬರೋಣ, ಯಾಕೆಂದರೆ ಇಲ್ಲಿ ಒಂದೆರಡು ಡಿಗ್ರಿಗೆ ತುಂಬಾ ಬೆಲೆ ಉಂಟು. ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿ ಮನೆಬಳಕೆಗೆ ತಿಂಗಳಿಗೆ 250, ಅಂದರೆ 2 ತಿಂಗಳ ಬಿಲ್ಲಿಗೆ 500 ಯೂನಿಟ್ ವರೆಗೆ ಮೆಟ್ಟಿಲು ಮೆಟ್ಟಿಲಾಗಿ ದರ ಹಾಕುತ್ತದೆ. ಮೊದಲಿನ ಯೂನಿಟ್‌ಗಳಿಗೆ ಕಡಿಮೆ, ಮೇಲೆ ಹೋದ ಹಾಗೆ ಹೆಚ್ಚು. 500 ದಾಟಿದರೆ ಮೆಟ್ಟಿಲು ಇಲ್ಲ, ಮೊದಲ ಯೂನಿಟಿನಿಂದಲೇ ಎಲ್ಲದಕ್ಕೂ ಒಂದೇ ಮೇಲಿನ ದರ. 498ಕ್ಕೂ 505ಕ್ಕೂ ಬಿಲ್ಲಿನಲ್ಲಿ ಏಳು ಯೂನಿಟಿನ ವ್ಯತ್ಯಾಸ ಮಾತ್ರ ಅಲ್ಲ.

1.5 ಟನ್ನಿನ ಇನ್ವರ್ಟರ್ ಎಸಿ 24ರಲ್ಲಿ ರಾತ್ರಿ 8 ಗಂಟೆ ಓಡಿದರೆ 6 ಯೂನಿಟ್ ಅಂತ ಹಿಡಿಯಿರಿ. 60 ರಾತ್ರಿಗೆ 360. ಫ್ರಿಜ್‌ಗೆ 60ರಿಂದ 90. ಫ್ಯಾನ್, ದೀಪ, ಪಂಪು, ಮಿಕ್ಸಿ, ಟಿವಿ ಸೇರಿ ಇನ್ನೊಂದು 100-150. 500 ದಾಟಿಯೇ ಹೋಯಿತು. ಒಂದು ಡಿಗ್ರಿ ಏರಿಸಿದರೆ ಸುಮಾರು 6% ಉಳಿತಾಯ ಅಂತ ಬಿಇಇ (ಕೇಂದ್ರದ ಇಂಧನ ದಕ್ಷತಾ ಸಂಸ್ಥೆ) ಹೇಳುತ್ತದೆ. ಹಾಗಾದರೆ 24ರಿಂದ 26ಕ್ಕೆ ಬಂದರೆ 43 ಯೂನಿಟ್. ಹಳೆಯ 75 ವಾಟ್ ಫ್ಯಾನ್ ಎರಡನ್ನು 30 ವಾಟಿನ, ಕಡಿಮೆ ಕರೆಂಟು ತಿನ್ನುವ ಮೋಟರಿನ ಬಿಎಲ್‌ಡಿಸಿ ಫ್ಯಾನ್ ಮಾಡಿದರೆ, ದಿನಕ್ಕೆ 10 ಗಂಟೆಯ ಲೆಕ್ಕದಲ್ಲಿ 2 ತಿಂಗಳಿಗೆ 54 ಯೂನಿಟ್. ಎರಡೂ ಸೇರಿದರೆ ನೂರರ ಹತ್ತಿರ. ಮೈಗೆ ಫ್ಯಾನ್ ಗಾಳಿ ತಾಗಿದರೆ 2-3 ಡಿಗ್ರಿ ಕಡಿಮೆ ಇದ್ದಂತೆ ಅನಿಸುವುದರಿಂದ 26 ಸಾಲದು ಎನ್ನುವ ಮಾತೂ ಬರುವುದಿಲ್ಲ.

ನಿಮ್ಮ ಎಸಿ ನಿಜವಾಗಿ ಎಷ್ಟು ತಿನ್ನುತ್ತದೆ ಅಂತ ನೋಡಲು ಮಲಗುವಾಗ ಮೀಟರಿನ ಅಂಕಿ ಬರೆದಿಟ್ಟು ಬೆಳಿಗ್ಗೆ ಎದ್ದ ಕೂಡಲೇ ಪುನಃ ನೋಡಿ. ಫ್ರಿಜ್, ಫ್ಯಾನಿನ ಪಾಲು ಒಂದು ಯೂನಿಟ್ ಕಳೆಯಿರಿ. 24ರಲ್ಲಿ ಮೂರು ರಾತ್ರಿ, 26ರಲ್ಲಿ ಮೂರು ರಾತ್ರಿ. ಒಂದು ರಾತ್ರಿಯ ಲೆಕ್ಕ ನಂಬಬೇಡಿ, ಮಳೆ ಬಂದರೆ ತಪ್ಪುತ್ತದೆ.

ಹೊಸೂರು
ತಮಿಳುನಾಡಿನಲ್ಲೂ ಬಿಲ್ಲು 2 ತಿಂಗಳಿಗೊಮ್ಮೆ, 500 ದಾಟಿದರೆ ಇಲ್ಲೂ ಕೆಳಗಿನ ಹಂತಗಳ ದರವೇ ಬದಲಾಗುತ್ತದೆ. 24ರ ಬಗ್ಗೆ ಹೇಳಿದ್ದನ್ನು ಒಪ್ಪಿದೆ. ಹೊಸೂರಿನಲ್ಲಿ ರಾತ್ರಿ ಹೇಗೂ ತಂಪು, 27ರಲ್ಲಿ ಎರಡು ಗಂಟೆಯ ಟೈಮರ್ ಸಾಕಾಗಬಹುದು.

ಕಾಸರಗೋಡು, ನರ್ಸಿಂಗ್
ಮಗುವಿಗೆ 25-26 ಸಾಕು ಅಕ್ಕ. ಡಿಗ್ರಿಗಿಂತ ಮುಖ್ಯ ಗಾಳಿಯ ದಾರಿ. ಎಸಿಯ ರೆಕ್ಕೆ ಮೇಲ್ಮುಖ ಇರಲಿ, ತೊಟ್ಟಿಲು ಅದರ ನೇರಕ್ಕೆ ಬೇಡ. ಮಗುವಿನ ಕೈಕಾಲು ತಣ್ಣಗಿದೆ ಎಂದು ಹೊದಿಸಬೇಡಿ, ಕತ್ತಿನ ಹಿಂಬದಿ ಅಥವಾ ಎದೆ ಮುಟ್ಟಿ ನೋಡಿ. ಬೆವರಿದ್ದರೆ ಬಟ್ಟೆ ಹೆಚ್ಚಾಗಿದೆ, ತಣ್ಣಗಿದ್ದರೆ ಒಂದು ಪದರ ಸೇರಿಸಿ. ತೆಳು ಹತ್ತಿ ಬಟ್ಟೆ ಒಂದು ಪದರ ಸಾಕು, ಟೊಪ್ಪಿ ಬೇಡ, ಸಡಿಲ ಹೊದಿಕೆ ಮುಖದ ಹತ್ತಿರ ಬರಬಾರದು. ಸ್ನಾನ ಮಾಡಿಸಿದ ಕೂಡಲೇ ಎಸಿ ಕೋಣೆಗೆ ತರುವ ಮೊದಲು ತಲೆ ಪೂರ್ತಿ ಒಣಗಿಸಿ.

ಕುಂಬಳೆ
ತುಂಬಾ ಉಪಕಾರ. ಎರಡು ಉಳಿದವು. ರಾತ್ರಿ 9ಕ್ಕೆ 24 ಇಟ್ಟರೂ ನೆತ್ತಿಯ ಮೇಲಿನಿಂದ ಬಿಸಿ ಬರುತ್ತದೆ, ಯಾಕೆ? ಮತ್ತೆ ಎಸಿ ಕೋಣೆಯ ಪಕ್ಕದ ಕೋಣೆಯಲ್ಲಿ, ನಡುವಿನ ಗೋಡೆಗೆ ತಾಗಿಸಿಟ್ಟ ಕಪಾಟಿನ ಹಿಂದೆ ಬೂಸ್ಟು.

ಬದಿಯಡ್ಕ, ವಯರಿಂಗ್
ತಾರಸಿ ಮಧ್ಯಾಹ್ನ ಕುಡಿದ ಬಿಸಿಲು ಕಾಂಕ್ರೀಟ್ ದಾಟಿ ಕೆಳಗೆ ಬರಲಿಕ್ಕೆ ಹಲವು ಗಂಟೆ ಬೇಕು. ಅದು ಮುಟ್ಟುವುದು ಸರಿಯಾಗಿ ನೀವು ಮಲಗುವ ಹೊತ್ತಿಗೆ. ಕೋಣೆಯ ಗಾಳಿ ತಣ್ಣಗಿದ್ದರೂ ಬಿಸಿ ಸೀಲಿಂಗ್ ನೇರ ಮೈಗೆ ಕಾವು ಬೀರುತ್ತದೆ. ಡಿಗ್ರಿ ಇಳಿಸಿದರೆ ಅದು ನಿಲ್ಲುವುದಿಲ್ಲ, ಬಿಸಿಲನ್ನು ಮೇಲೆಯೇ ತಡೆಯಬೇಕು. ಬಿಳಿ ಕೂಲ್‌ರೂಫ್ ಪೇಂಟ್ ಎರಡು ಕೋಟ್, ಖರ್ಚು ಬೇಡವಾದರೆ ಸುಣ್ಣ. ತೆಂಗಿನ ಮಡಲು ಅಥವಾ ಅಡಿಕೆ ಸೋಗೆಯ ಚಪ್ಪರ ಹಾಕಿದರೆ ಇನ್ನೂ ಒಳ್ಳೆಯದು, ತಾರಸಿಗೆ ತಾಗದ ಹಾಗೆ, ನಡುವೆ ಗಾಳಿ ಆಡುವ ಹಾಗೆ. ನೀರು ಚಿಮುಕಿಸುವ ಅಭ್ಯಾಸ ಬೇಡ, ಏಪ್ರಿಲಿನಲ್ಲಿ ಬಾವಿಯ ನೀರಿಗೆ ಬೇರೆ ಕೆಲಸ ಉಂಟು. ಪಡುವಣ ಕಿಟಕಿಗೆ ಒಳಗಿನ ಪರದೆಗಿಂತ ಹೊರಗೆ ಬಿದಿರಿನ ಚಿಕ್ (ಕಡ್ಡಿಯ ಪರದೆ) ಹಾಕಿ. ಗಾಜು ದಾಟಿ ಒಳಗೆ ಬಂದ ಬಿಸಿಲನ್ನು ಪರದೆ ತಡೆದರೂ ಕಾವು ಕೋಣೆಯಲ್ಲೇ ಉಳಿಯುತ್ತದೆ.

ಉಪ್ಪಳ, ಎಸಿ ಕೆಲಸ
ಬೂಸ್ಟಿಗೆ ಕಾರಣ ಆ 24. ಆಚೆ ಕೋಣೆಯಲ್ಲಿರುವುದು ಹೊರಗಿನದೇ ಗಾಳಿ. ಬೇಸಿಗೆಯಲ್ಲಿ ಅದು 25-26 ಡಿಗ್ರಿಯ ಗೋಡೆ ಸಿಕ್ಕಿದರೆ ಸಾಕು, ನೀರು ಬಿಡುತ್ತದೆ. ನೀವು ಈಚೆ ಗೋಡೆಯನ್ನು ರಾತ್ರಿಯಿಡೀ 24ಕ್ಕೆ ತಣಿಸಿದರೆ ಆಚೆ ಬದಿ ಬೆವರುತ್ತದೆ. ಕಪಾಟು ತಾಗಿಕೊಂಡಿರುವಲ್ಲಿ ಗಾಳಿ ಆಡದೆ ಅದು ಆರುವುದಿಲ್ಲ. ಕಿಟಕಿಯ ಗಾಜಿನ ಹೊರಬದಿಯಲ್ಲಿ ಬೆಳಿಗ್ಗೆ ಮಂಜು ಕಂಡರೂ ಅದೇ ಕಾರಣ, ಸೆಟ್ಟಿಂಗ್ ನಮ್ಮ ಹವೆಗೆ ತೀರಾ ಕೆಳಗಿದೆ. ಕರಾವಳಿಗೆ 26 ಅಂತ ನಾನು ಪಟ್ಟು ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಕಪಾಟನ್ನು ಗೋಡೆಯಿಂದ 4 ಇಂಚು ಈಚೆಗೆ ಎಳೆಯಿರಿ, ಕೆಳಗೂ ಗಾಳಿ ಹೋಗುವ ಹಾಗೆ ಕಾಲು ಕೊಡಿ. ಈಗ ಇರುವ ಬೂಸ್ಟನ್ನು ಒಣ ಪೊರಕೆಯಲ್ಲಿ ಗುಡಿಸಬೇಡಿ, ಪುಡಿ ಹಾರಿ ಮನೆಯಿಡೀ ಹರಡುತ್ತದೆ. ಮೂಗಿಗೆ ಬಟ್ಟೆ ಕಟ್ಟಿ ಒದ್ದೆ ಬಟ್ಟೆಯಲ್ಲಿ ಒರಸಿ, ಎರಡು ದಿನ ಫ್ಯಾನ್ ಹಾಕಿ ಗೋಡೆ ಪೂರ್ತಿ ಒಣಗಿದ ಮೇಲೆ ಪೇಂಟ್ ಮಾಡಿಸಿ. ಮತ್ತೆ, ಕರೆಂಟು ಹೋಗಿ ಬಂದ ಮೇಲೆ ರಿಮೋಟ್ ಒಮ್ಮೆ ನೋಡಿಕೊಳ್ಳಿ. ಕೆಲವು ಎಸಿಗಳು 26 ಮರೆತು ಪುನಃ 24ರಿಂದಲೇ ಶುರು ಮಾಡುತ್ತವೆ.